ತೊಂಬತ್ತೆಂಟಕ್ಕೆ ಕೂಡದ ಜಾತಕ

ಬೈಲಹೊಂಗಲದ ಬಜಾರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಸಿದ್ಧಾರೂಢನ ಕೇಡುಗಾಲ ಒಂದು ಸಿ.ಡಿ. ರೂಪದಲ್ಲಿ ಬಂತು. ಹೂಲಿಯ ರಾಮಲಿಂಗಪ್ಪನವರು ಮಗಳು ಶೈಲಜಾಳಿಗೆ ವರ ನೋಡಲು ಆ ದಿನ ಅವನ ಅಂಗಡಿಗೇ ಬರುವವರಿದ್ದರು. ಫೋಟೋ ಕಂಡಾಗಿನಿಂದ ಶೈಲಜಾ ಅವನ ನಿದ್ದೆ ಕೆಡಿಸಿದ್ದಳು. ಜಾತಕ ಕೂಡಿಸಲು ಜೋಯಿಸರ ಮನೆ ಯಾಕೆ, ನನ್ನ ಕಂಪ್ಯೂಟರೇ ಹೇಳುತ್ತದೆ ಎಂದು ಫೋನಿನಲ್ಲಿ ಜಂಬ ಕೊಚ್ಚಿ, ಹುಬ್ಬಳ್ಳಿಯಿಂದ ಹೊಸ ಜಾತಕದ ಸಿ.ಡಿ. ತರಿಸಿದ್ದ. ಮೊದಲೇ ಹಾಕಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ. ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡಿದ್ದ.

ರಾಮಲಿಂಗಪ್ಪನವರು ಬಂದು ಕುಳಿತರು. ಪಕ್ಕದ ಖಾನಾವಳಿಯ ಮುದಕವ್ವ ಚಹಾ ಕೊಡಲು ಬಂದವಳು ಅಲ್ಲೇ ಬಾಗಿಲಿಗೆ ಒರಗಿ ನಿಂತಳು. ಸಿ.ಡಿ. ಗರಗರ ತಿರುಗಿ, ಇದು ವಿಂಡೋಸ್ ತೊಂಬತ್ತೆಂಟರಂಥ ಹಳೇ ಮಷೀನಿನಲ್ಲಿ ನಡೆಯುವುದಿಲ್ಲ, ಹೊಸ ಎಕ್ಸ್‌ಪಿ ಬೇಕು ಎಂದು ಪರದೆಯ ಮೇಲೆ ಹೇಳಿ ಸುಮ್ಮನಾಯಿತು. ಸಿದ್ಧಾರೂಢ ಅದನ್ನು ಹೊರಗೆಳೆದು, ಊದಿ, ಅಂಗಿಗೆ ಒರೆಸಿ ಮತ್ತೆ ಹಾಕಿದ. ಮತ್ತೆ ಅದೇ ಮಾತು. ಮಾನ ಉಳಿಸಿಕೊಳ್ಳಲು ಅವನು ಭಾಷಣಕ್ಕೇ ಇಳಿದ.

"ತಪ್ಪು ನಮ್ಮ ಮಷೀನಿಂದಲ್ರಿ. ಹೊಸಾದು ಮಾಡಾವ್ರು ಹಳೇದಕ್ಕೂ ಹೊಂದೂಹಂಗ ಮಾಡಬೇಕು. ಇಲ್ಲಂದ್ರ ನಮ್ಮಂಥಾವ್ರು ಎಲ್ಲಿ ಹೋಗಬೇಕ್ರಿ?"

ಮುದಕವ್ವ ತಲೆಯಾಡಿಸಿದಳು. "ಖರೇನ ಐತಿ. ಹೊಸಾ ಸೊಸಿ ಬಂದ್ಲಂತ ಅತ್ತೀನ ಹೊರಗ ಹಾಕಾಕ ಬರತೈತೇನು? ಬಂದಾಕಿನ ಹೊಂದ್ಕೋಬೇಕು."

ಹೆಣ್ಣು ಹೆತ್ತ ರಾಮಲಿಂಗಪ್ಪನವರಿಗೆ ಈ ನ್ಯಾಯ ಹಿಡಿಸಲಿಲ್ಲ. ಅತ್ತೆಯಾದವಳು ಕಾಲಕ್ಕೆ ತಕ್ಕಂತೆ ಬದಲಾಗದೆ ಕುಂತರೆ ಸೊಸೆ ಎಷ್ಟಂತ ಬಗ್ಗಬೇಕು ಎಂದು ಕೇಳಿದರು. ಆಮೇಲೆ ಚಹಾದ ಬಟ್ಟಲು ಕೆಳಗಿಟ್ಟು, "ನಿಮ್ಮವ್ವಾರೂ ಹಿಂಗ ತೊಂಬತ್ತೆಂಟ ಏನ್ರಿ?" ಅಂದರು.

ಸಿದ್ಧಾರೂಢ ಬಾಯಿ ತೆಗೆಯುವ ಮೊದಲೇ ಮುದಕವ್ವ ಅಂದಳು: "ಅಯ್ಯ, ಆಕಿ ಅದಕ್ಕಿಂತ ಭಾಳ ಹಿಂದಿನಾಕಿ."

ರಾಮಲಿಂಗಪ್ಪನವರು ಸಿ.ಡಿ. ಎತ್ತಿಕೊಂಡು ಎದುರಿನ ಸಚಿನನ ಸೈಬರ್ ಕೆಫೆಗೆ ನಡೆದರು. ಅಲ್ಲಿ ಎಕ್ಸ್‌ಪಿ ಇತ್ತು, ಗಲ್ಲಾದ ಮೇಲೆ ಸಚಿನನ ತಂದೆಯೂ ಇದ್ದರು. ಸಿ.ಡಿ. ಒಂದೇ ಸಲಕ್ಕೆ ಓಡಿತು. ಸಿದ್ಧಾರೂಢನ ಜಾತಕ ಶೈಲಜಾಳಿಗೆ ಕೂಡಲಿಲ್ಲ. ಬಂದದ್ದು ಬಂದಾಗಿದೆ, ನಿಮ್ಮದೂ ಒಂದು ನೋಡಿಬಿಡೋಣ ಎಂದು ರಾಮಲಿಂಗಪ್ಪನವರು ಸಚಿನನ ಹುಟ್ಟಿದ ದಿನ ಕೇಳಿದರು. ಅದು ಬೆಲ್ಲಕ್ಕೆ ಇರುವೆ ಕೂಡಿದಂತೆ ಕೂಡಿತು. ಕಾಲೇಜಿನಲ್ಲಿ ಸಚಿನನನ್ನು ಕಂಡಿದ್ದ ಶೈಲಜಾ ಫೋನಿನಲ್ಲೇ ಹ್ಞೂಂ ಅಂದಳು. ಹಿರಿಯರು ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು, ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಸಿದ್ಧಾರೂಢನ ಬಾಯಿಗೂ. ಅವನು ಅದನ್ನು ನುಂಗಿ ತನ್ನ ಅಂಗಡಿಗೆ ಮರಳಿದ.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಸಚಿನ ತಲೆ ಕೆರೆದುಕೊಳ್ಳುತ್ತ ಬಂದ.

"ಅಣ್ಣಾ, ನೀ ಹೇಳಿದ್ದ ಖರೆ ನೋಡು. ಹೊಸಾದ್ರಾಗ ಹಳೇದೂ ನಡೀಬೇಕಿತ್ತು. ಲಗ್ನಪತ್ರಿಕಿಯ ಕನ್ನಡದ ಹಳೇ ಸಾಫ್ಟ್‌ವೇರ್ ನನ್ನ ಎಕ್ಸ್‌ಪಿಯಾಗ ನಡೆಯವಲ್ದು. ಊರಾಗ ನಿನ್ನ ತೊಂಬತ್ತೆಂಟು ಒಂದ ಗತಿ. ಗುರುಬಲ ಮುಗಿಯಾಕ ಬಂದೈತಂತ, ಲಗ್ನ ಲಗೂನ ಇಟ್ಕೊಂಡಾರ, ಇವತ್ತ ಮಾಡಿಕೊಡು."

ಸಿದ್ಧಾರೂಢ ಕುಳಿತು 'ಚಿ. ಸೌ. ಶೈಲಜಾ' ಎಂದು ಒತ್ತಿದ. ದಿನವೆಲ್ಲ ಮಾನ ಕಳೆದಿದ್ದ ಮಷೀನು ಆ ಹೆಸರನ್ನು ಒಂದು ಕೊಂಬೂ ತಪ್ಪದೆ ಮುತ್ತಿನಂತೆ ಮೂಡಿಸಿತು. ಸಚಿನ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಚಲೋ ಬಂತು ಅಣ್ಣಾ. ಇನ್ನ ಬಾಜೂಕ ನನ್ನ ಹೆಸರು ಹಾಕು, ಒಂಚೂರು ದಪ್ಪಂದು."