ಕುರಿ ಸಿನಿಮಾ ಮತ್ತು ನಮ್ಮ ಮಾವನ ತಕರಾರು

ನಮ್ಮ ಮಾವನ ತಲಿ ಸರಿ ಇತ್ತೋ ಇಲ್ಲೋ ಅಂತ ಹೇಳೂದು ಭಾಳ ಕಷ್ಟ ನೋಡ್ರಿ. ಒಂದು ಸಿನಿಮಾ ನೋಡಿ ಇದೆಲ್ಲಾ ಸುಳ್ಳು ಅಂತ ಬೈಯಾವ, ಮರುದಿನ ಸಂಜೀಕ ಅದೇ ಸಿನಿಮಾಕ್ಕ ಎಲ್ಲಾರಿಗಿಂತ ಮೊದಲ ಹೋಗಿ ಕೂಡಾವ. ಇಂಥಾವಗ ಏನನ್ನೂದು?

ಆಗ ನಿಜಾಮನ ರಾಜ್ಯ ಹೋಗಿತ್ತು, ಕರ್ನಾಟಕ ಇನ್ನೂ ಆಗಿದ್ದಿಲ್ಲ. ನಾವು ಯಾವ ಕಡಿಯವರು ಅಂತ ಕೇಳಿದ್ರ ಒಬ್ಬೊಬ್ಬರು ಒಂದೊಂದು ಹೇಳೂ ಕಾಲ. ಅಂಥಾದ್ರಾಗ ಯಾದಗಿರಿ ಸ್ಟೇಷನ್ ಹಿಂದಿನ ಬಯಲಿಗೆ ಟೂರಿಂಗ್ ಟಾಕೀಸಿನ ಡೇರೆ ಬಂತು. ಸಿನಿಮಾದಾಗ ಮನುಷ್ಯಾರು ಒಬ್ಬರೂ ಇಲ್ಲ! ಎಲ್ಲಾ ಕೈಲೆ ಚಿತ್ರ ಬರದು ಓಡಾಡಿಸಿದ ಕುರಿಗೋಳು. ಒಂದು ಟಗರು, ಒಂದು ಕುರಿ, ಅವುಗಳ ಮರಿ, ಹಸಿರು ಹುಲ್ಲು ಹುಡುಕೊಂತ ಬರ್ಫಿನ, ಅಂದ್ರ ಹಿಮದ, ಗುಡ್ಡ ದಾಟತಾವ. ಮಾತೆಲ್ಲಾ ಇಂಗ್ಲಿಷು. ಡೇರೇದ ಸಾಹೇಬರು ಪರದೇ ಬಾಜೂಕ ನಿಂತು ಉರ್ದು, ಕನ್ನಡ ಕಲಸಿ ಅರ್ಥ ಹೇಳ್ತಿದ್ರು. ಕುರಿ ಬಾಯಿ ಮುಚ್ಚಿದಾಗೂ ಅವರು ಹೇಳ್ತನ ಇರ್ತಿದ್ರು, ನಮಗ ಮತ್ತಷ್ಟು ಗೊಂದಲ!

ಮಾವ ನಮ್ಮೂರು ಬಳಿಚಕ್ರದಾಗ ಕುರಿ ಸಾಕಿದಾವ. ಆಗ ಸಣ್ಣ ಹುಡುಗಿ ಇದ್ದ ನನ್ನ ಕರಕೊಂಡು ಹೋದ ಮೊದಲ ದಿನಾನ ತಕರಾರು ಶುರು ಮಾಡಿದ. ಟಗರು ಮುಂದ ನಡದು ದಾರಿ ತೋರಸ್ತದಂತ, ಅದಕ್ಕಷ್ಟು ಬುದ್ಧಿ ಇದ್ದಿದ್ರ ನಾನ್ಯಾಕ ಅದರ ಹಿಂದ ಓಡಾಡ್ತಿದ್ದೆ ಅಂದ. ಬರ್ಫಿನಾಗ ನೆನದ ಕುರಿಗೆ ಕೆಮ್ಮು ಬರೂದಿಲ್ಲೇನು ಅಂತ ಸಾಹೇಬರನ್ನ ಕೇಳಿದ. ಪಾಪ, ಅವರು ಕಥಿ ಬಿಟ್ಟು ಇವನ್ನ ಸಮಾಧಾನ ಮಾಡಿದ್ರು.

ದೊಡ್ಡ ತಕರಾರು ಬ್ಯಾರೇನ ಇತ್ತು. ಗುಡ್ಡದ ಮ್ಯಾಲ ಆ ಕುರೀ ಮರಿ ಸಾಯ್ತದ. ಕೆಳಗ ಇಳದಾಗ ತಾಯಿ ಇಲ್ಲದ ಪರದೇಶಿ ಮರಿ ಒಂದು ಬಂದು ಅದರ ಕೆಚ್ಚಲಿಗೆ ಬಾಯಿ ಹಾಕ್ತದ. ಕುರಿ ಸುಮ್ಮನ ನಿಂತು ಹಾಲು ಕುಡಸ್ತದ. ಮಾವ ಎದ್ದು ನಿಂತ. ಯಾವ ಕುರೀನೂ ಮೂಸಿ ನೋಡದ ಮತ್ತೊಂದರ ಮರೀನ ಹತ್ರ ಬಿಟಗೊಳ್ಳೂದಿಲ್ಲ, ತನ್ನ ಸತ್ತ ಮರೀ ತೊಗಲು ಅದಕ್ಕ ಹೊಚ್ಚಿ ವಾಸನಿ ಹಿಡಿಸಿದ್ರೂ ಒಮ್ಮೊಮ್ಮೆ ಒದೀತದ, ಇದು ಶುದ್ಧ ಸುಳ್ಳು ಅಂತ ಡೇರೆಗೆಲ್ಲಾ ಕೇಳೂವಂಗ ಸಾರಿದ.

ಮರುದಿನ ನೋಡಿದ್ರ ಮತ್ತ ಅಲ್ಲೇ! ಮ್ಯಾಲ ತನ್ನ ಹೆಂಡತಿ, ನಮ್ಮ ಅತ್ತೀಗೂ ಬಾ ಅಂತ ಗಂಟುಬಿದ್ದ. ಅತ್ತಿ ಜಪ್ಪಯ್ಯ ಅಂದ್ರೂ ಒಲ್ಲೆ ಅಂದಳು. ತನ್ನ ಕೂಸು ಹೋದಮ್ಯಾಲ ಅಕಿ ಮದುವಿ, ಹಬ್ಬ, ಬಯಲಾಟ ಯಾವುದಕ್ಕೂ ಮನಿ ಬಿಟ್ಟು ಹೋದಾಕಿ ಅಲ್ಲ. ಡೇರೆ ಶಹಾಪುರಕ್ಕ ಹೋತು. ಮಾವ ಕುರಿ ತನ್ನ ತಮ್ಮಗ ಒಪ್ಪಿಸಿ ಡೇರೆ ಹಿಂದ ಹೋದ, ಬಂದು ಮತ್ತ ಕರದ. ಅತ್ತಿ ಬರಲಿಲ್ಲ. ಡೇರೆ ಸುರಪುರಕ್ಕ ಹೋತು, ಅಲ್ಲಿಂದ ದೂರ ಎಲ್ಲ್ಯೋ ಹೋಗಿಬಿಡ್ತದಂತ ಸುದ್ದಿ ಬಂತು. ಮಾವ ಊಟ ಬಿಟ್ಟ. ಸುಳ್ಳು ಸಿನಿಮಾಕ್ಕ ಯಾರಾದ್ರೂ ಊಟ ಬಿಡ್ತಾರೇನ್ರಿ? ಕಡೀಕ ಅತ್ತಿ, ನೀ ಉಂಡ್ರ ಬರ್ತೀನಿ ಅಂದಳು.

ಸುರಪುರದಾಗ ಇಬ್ಬರ ನಡುವ ನಾ ಕೂತೆ. ನನ್ನ ಹಡದಾಕಿ ಮಾವನ ಅಕ್ಕ. ನನ್ನ ಹಡದ ವಾರದಾಗ ಅಕಿ ತೀರಿಕೊಂಡಳು. ಆಗಷ್ಟೇ ಕೂಸು ಕಳಕೊಂಡಿದ್ದ ಅತ್ತೀನ ನನಗ ಎದಿಹಾಲು ಕುಡಿಸಿ ಉಳಿಸಿದಾಕಿ. ಪರದೇ ಮ್ಯಾಲ ಪರದೇಶಿ ಮರಿ ಬಂತು, ಕೆಚ್ಚಲಿಗೆ ಬಾಯಿ ಹಾಕ್ತು. ನಾನು ಮಾವನ ತಕರಾರಿಗೆ ಕಾದೆ. ಸಾಹೇಬರೂ ಮಾತು ನಿಲ್ಲಿಸಿ ಇವನ ಕಡಿ ನೋಡಿದ್ರು. ಮಾವ ಏಳಲಿಲ್ಲ.

ಅತ್ತೀನ ಸಣ್ಣಗ ಅಂದಳು, "ಕುರಿ ಹಂಗ ಮಾಡೂದಿಲ್ಲ. ಮೂಸಿ ನೋಡ್ತದ."

"ನೀ ಇಕೀನ್ನ ಎಲ್ಲಿ ಮೂಸಿ ನೋಡಿದಿ?" ಅಂದ ಮಾವ. "ಅದನ್ನ ತೋರಸಾಕಂತನ ಕರಕೊಂಡು ಬಂದೀನಿ."

ಅತ್ತಿ ಸೆರಗು ನನ್ನ ತಲಿ ಮ್ಯಾಲ ಹೊಚ್ಚಿ ಎದಿಗೆ ಅವಚಿಕೊಂಡಳು. ಅಕಿ ಅಳಾಕತ್ತಿದ್ದು ನನಗ ಗೊತ್ತಾತು, ನನಗೂ ಅಳು ಬಂತು. ಆ ಕುರಿಗೋಳು ಆಮ್ಯಾಲ ಎತ್ಲಾಗ ಹೋದುವೋ, ಸೆರಗು ಸರಿಸಿ ನೋಡಾಕ ನನಗ ಮನಸ್ಸಾಗಲಿಲ್ಲ.