ಅಜ್ಜಿ ಬಾಯಿಬಿಡದ ಹೆಸರು

ಸತ್ತವರನ್ನು ಹುಡುಕಿಕೊಂಡು ಹೊರಟರೆ ದಾರಿಯುದ್ದಕ್ಕೂ ಬದುಕಿರುವವರೇ ಎದುರಾಗುತ್ತಾರೆ. ನನಗೆ ಹೀಗೆ ಒಂದೆರಡು ಸಲವಲ್ಲ, ವರ್ಷಗಟ್ಟಲೆ ಆಯಿತು.

ನಾನು ಹುಡುಕುತ್ತಿದ್ದದ್ದು ಅಪ್ಪನ ತಾತನನ್ನು. ಯಾದಗಿರಿ ಕಡೆಯ ಹಳ್ಳಿಯೊಂದರಲ್ಲಿ ಕಂಡವರ ಹೊಲದ ಕೂಲಿ ಮಾಡಿ, ಆಮೇಲೆ ಮಗ ಸೊಸೆಯ ಜೊತೆ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದು, ರಸ್ತೆಗಳಿಗೆ ಜಲ್ಲಿ ಒಡೆದು, ಹಲಸೂರಿನ ಗುಡಿಸಲಿನಲ್ಲಿ ತೀರಿಕೊಂಡವರು. ಅಷ್ಟೇ ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ. ಅಪ್ಪ ತೊಟ್ಟಿಲಲ್ಲಿದ್ದಾಗಲೇ ಅವರ ಅಪ್ಪನೂ ಹೋಗಿದ್ದರು, ತಾತನೂ ಹೋಗಿದ್ದರು.

ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಎಡೆ ಇಟ್ಟ ಮೇಲೆ ಮನೆಯ ಗಂಡುಮಗ ಬಾಗಿಲಾಚೆ ನಿಂತು ಹಿರಿಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕೂಗಬೇಕು. ಅಪ್ಪ ತಮ್ಮ ಅಪ್ಪನನ್ನು ಕೂಗುತ್ತಿದ್ದರು. ತಾತನ ಸರದಿ ಬಂದಾಗ ಕೆಮ್ಮುತ್ತಿದ್ದರು.

"ಕೆಮ್ಮಿದ್ರ ಯಾರು ಬರ್ತಾರ?" ಎಂದು ಅಜ್ಜಿ ಒಳಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ನಾ ಹೋಗೂದ್ರಾಗ ನಮ್ಮ ಮಾವ ಈ ಮನ್ಯಾಗ ಒಮ್ಮೆ ಉಣ್ಣಬೇಕು."

ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿ ಒಂದು ಔಷಧ ಕಂಪನಿಯ ಪ್ರಯೋಗಾಲಯಕ್ಕೆ ಸೇರಿದ್ದೆ. ಹುಡುಕಿಕೊಡುತ್ತೇನೆ ಎಂದೆ.

ಉಪ್ಪಿನ ಪರೀಕ್ಷೆ

ಕಷ್ಟವೇನೂ ಇರಬಾರದಿತ್ತು. ಆ ಹೆಸರು ಬಲ್ಲ ಒಬ್ಬರು ಮನೆಯಲ್ಲೇ ಇದ್ದರು: ಅಜ್ಜಿ.

"ಹೇಳಿಬಿಡು ಅಜ್ಜಿ."

"ಮಾವನ ಹೆಸರು ಬಾಯಾಗ ತಗೊಂತಾರೇನು? ನಿನಗೂ ಲಗ್ನ ಆಗಲಿ, ತಿಳೀತದ."

"ಕಿವಿಯಲ್ಲಿ ಹೇಳು."

"ಕಿವ್ಯಾಗ ಹೇಳೂದೂ ಬಾಯಿಲೇ ಹೌದಿಲ್ಲೋ?"

ಬಹಳ ಪೀಡಿಸಿದ ಮೇಲೆ, "ದೇವರ ಹೆಸರೇ ಅದ, ಇನ್ನ ಹೆಚ್ಚಿಗಿ ಕೇಳಬ್ಯಾಡ" ಎಂದಳು.

ಕಾಲೇಜಿನಲ್ಲಿ ನಮಗೆ ಹೆಸರಿಲ್ಲದ ಉಪ್ಪನ್ನು ಕೊಟ್ಟು, ಯಾವುದೆಂದು ಕಂಡುಹಿಡಿಯಿರಿ ಎನ್ನುತ್ತಿದ್ದರು. ಒಂದೊಂದೇ ದ್ರಾವಣ ಹಾಕುತ್ತಾ ಹೋಗುವುದು. ಸರಿಯಾದದ್ದು ಬಿದ್ದಾಗ ಬಣ್ಣ ಬರುತ್ತದೆ, ಇಲ್ಲವೇ ತಳದಲ್ಲಿ ಏನೋ ಕೂರುತ್ತದೆ. ಆ ಕ್ರಮವನ್ನೇ ಅಜ್ಜಿಯ ಮೇಲೆ ಪ್ರಯೋಗಿಸಿದೆ. ಗೋಡೆಯ ಕ್ಯಾಲೆಂಡರಿನಲ್ಲಿದ್ದ ದೇವರುಗಳಿಂದ ಶುರುಮಾಡಿ ಹನುಮಂತಪ್ಪ, ಭೀಮಣ್ಣ, ಶರಣಪ್ಪ, ಮಲ್ಲಪ್ಪ, ಎಲ್ಲವನ್ನೂ ಒಂದೊಂದಾಗಿ ಹೇಳುತ್ತಾ ಅವಳ ಮುಖ ನೋಡಿದೆ. ಅಜ್ಜಿ ಮೊದಲೇ ಹುಷಾರಾಗಿದ್ದಳು. ಎಲ್ಲದಕ್ಕೂ ಅಲ್ಲ ಅಲ್ಲ ಎಂದು ತಲೆ ಅಲ್ಲಾಡಿಸಿದಳು. ಅನುಮಾನ ಬಂದು ನಡುವೆ ನನ್ನ ಅಪ್ಪನ ಹೆಸರು ಸೇರಿಸಿದೆ, "ಇವರು ಗೊತ್ತಾ?" ಎಂದು.

ಹೆತ್ತ ಮಗನಿಗೂ ಅಲ್ಲ ಎಂದು ತಲೆ ಅಲ್ಲಾಡಿಸಿಬಿಟ್ಟಳು.

ಒಳ್ಳೆಯ ಮನುಷ್ಯ

ಯಾರೋ ಹೇಳಿದರೆಂದು ಕೆ.ಆರ್. ಪುರದ ಕಡೆಯ ಒಂದು ದಾಖಲೆ ಕೋಣೆಗೆ ಹೋದೆ. ಮುತ್ತಾತ ಅಲ್ಲಿಗೆ ಹತ್ತಿರದ ಕಲ್ಲುಗಣಿಯೊಂದರಲ್ಲಿ ಕೆಲಸ ಮಾಡಿದ್ದರೆಂದು ಅಜ್ಜಿ ಹೇಳಿದ್ದಳು. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ದೂಳು ಮೆಲ್ಲಗೆ ತೇಲುತ್ತಿತ್ತು. ಗುಮಾಸ್ತರು ಅರ್ಧ ನಿದ್ದೆಯಲ್ಲಿದ್ದರು. ನನಗೂ ಕಣ್ಣು ಎಳೆಯತೊಡಗಿತು.

"ಜಮೀನಿತ್ತೇನಮ್ಮ?"

"ಇಲ್ಲ ಸಾರ್."

"ಮನೆ, ಸೈಟು?"

"ಗುಡಿಸಲು."

"ಏನಾದ್ರೂ ಕೇಸು? ಹೊಡೆದಾಟ? ಜೈಲು ಗೀಲು?"

"ಏನೂ ಇಲ್ಲ ಸಾರ್."

ಅವರಿಗೆ ಪೂರ್ತಿ ಎಚ್ಚರವಾಯಿತು. "ಏನ್ರೀ ಇದು! ಇಷ್ಟು ಒಳ್ಳೆ ಮನುಷ್ಯನ್ನ ಸರ್ಕಾರದ ರೆಕಾರ್ಡ್‌ನಲ್ಲಿ ಹುಡುಕ್ತಿದೀರಲ್ಲ?"

ಎಮ್ಮೆ

ಊರಿಗೂ ಹೋಗಿಬಂದೆ. ನಿಜಾಮರ ಕಾಲದ ಕಾಗದವೆಲ್ಲ ಉರ್ದುವಿನಲ್ಲಿತ್ತು. ಮುತ್ತಾತನ ಕೇರಿಗೆ ಸೇರಿದ್ದೆಂದು ಒಂದೇ ಒಂದು ಪುಟ ಸಿಕ್ಕಿತು. ಅದರ ಜೆರಾಕ್ಸ್ ಹಿಡಿದು ಶಿವಾಜಿನಗರಕ್ಕೆ ಬಂದೆ. ಅಲ್ಲಿ ಗಡಿಯಾರ ರಿಪೇರಿ ಅಂಗಡಿಯ ಮುಸಲ್ಮಾನ ಹಿರಿಯರೊಬ್ಬರು ಹಳೆಯ ಬರಹ ಓದುತ್ತಾರೆಂದು ಕೇಳಿದ್ದೆ.

ಅವರು ಗಡಿಯಾರ ನೋಡುವ ಗಾಜನ್ನೇ ಕಣ್ಣಿಗೇರಿಸಿಕೊಂಡು ಓದತೊಡಗಿದರು. ಗೋಡೆಯ ಮೇಲೆ ಒಂದೊಂದು ಗಡಿಯಾರ ಒಂದೊಂದು ವೇಳೆ ತೋರಿಸುತ್ತಿತ್ತು. ಅಲ್ಲಿ ಕೂತಿದ್ದಾಗ ಇದು ಯಾವ ಕಾಲವೂ ಆಗಿರಬಹುದು ಅನ್ನಿಸುತ್ತಿತ್ತು.

"ಬಣ್ಣ ಕಪ್ಪು," ಎಂದರು. ನಾನು ಬರೆದುಕೊಂಡೆ. ನಮ್ಮ ಮನೆಯವರೆಲ್ಲ ಕಪ್ಪು.

"ಮೈಕಟ್ಟು ಗಟ್ಟಿ. ವಯಸ್ಸಾಗಿದೆ. ಸ್ವಭಾವ ಸಾಧು." ಸಾಧು ಎಂಬುದರ ಕೆಳಗೆ ಎರಡು ಗೆರೆ ಎಳೆದೆ.

"ಎಡಗಡೆ ಕೊಂಬು ಅರ್ಧ ಮುರಿದಿದೆ."

ಪೆನ್ನು ನಿಂತಿತು.

"ಕೊಂಡವಾಡೆ ಕಾಗಜ್ ಅಮ್ಮಾ ಇದು. ತಪ್ಪಿಸ್ಕೊಂಡ ದನ ಕೂಡಿಹಾಕ್ತಾರಲ್ಲ, ಅಲ್ಲಿದು. ಎಮ್ಮೆ."

"ಮನುಷ್ಯರ ಹೆಸರೇ ಇಲ್ವಾ?"

"ಒಂದಿದೆ. ಎಮ್ಮೆ ಹೊಡ್ಕೊಂಡು ಬಂದ ಕೂಲಿ, ಹುಸೇನಪ್ಪ."

"ಅವರು ನಿಮ್ಮ ಕಡೆಯವರು. ಬಿಡಿ," ಎಂದೆ.

ಅವರು ಗಾಜು ತೆಗೆದು ನನ್ನನ್ನು ನೋಡಿದರು. "ನಮ್ಮ ಕಡೆ ಇಂಥಾ ಹೆಸರು ನಾನು ಕೇಳಿಲ್ಲ. ಎಮ್ಮೆ ಮಾತ್ರ ಯಾರ ಕಡೇದೂ ಅಲ್ಲ. ಹೆಣ್ಣು ನೋಡೋಕೆ ಬಂದವರಿಗೆ ಕೊಡೋ ವಿವರಕ್ಕಿಂತ ಚೆನ್ನಾಗಿ ಬರೆದಿದ್ದಾರೆ ನೋಡಿ."

ಪೂರ್ವ ದಿಕ್ಕು

ಹಲಸೂರಿನ ಆಚೆ ಒಂದು ಹಳೆಯ ರುದ್ರಭೂಮಿಯಿದೆ. ಹೆಣ್ಣುಮಕ್ಕಳು ಹೋಗಬಾರದು ಎಂದು ಅಪ್ಪ ಹೇಳಿದ್ದರಿಂದ ಅವರಿಗೆ ಹೇಳದೆ ಹೋದೆ. ಕಾವಲುಗಾರ ತಮಿಳಿನವರು. ಹೆಸರಿಲ್ಲ, ಕಲ್ಲಿಲ್ಲ, ವರ್ಷವೂ ಸರಿಯಾಗಿ ತಿಳಿಯದು ಎಂದೆ. ಅವರು ಸ್ವಲ್ಪವೂ ಎದೆಗುಂದಲಿಲ್ಲ.

"ಬನ್ನಿ ಮೇಡಂ, ತೋರಿಸ್ತೀನಿ."

ಹುಲ್ಲಿನ ನಡುವೆ ಒಂದು ದಿಬ್ಬದ ಮುಂದೆ ನಿಂತರು. ಬೇವಿನ ಮರದ ನೆರಳು. ಹಳದಿ ಚಿಟ್ಟೆಗಳು.

"ಇದೇ ಅಂತ ನಿಮಗೆ ಹೇಗೆ ಗೊತ್ತು?"

"ಇದಕ್ಕೆ ಯಾರೂ ಬರೋದಿಲ್ಲ ಮೇಡಂ. ನಿಮಗೂ ಯಾರೂ ಇಲ್ಲ. ಸರಿಹೋಗುತ್ತೆ. ಈಸ್ಟ್ ಫೇಸಿಂಗ್. ಕಾರ್ನರ್ ಬೇರೆ."

ನಾನು ಆ ನೆರಳಿನಲ್ಲಿ ಬಹಳ ಹೊತ್ತು ನಿಂತಿದ್ದೆ. ಒಪ್ಪಿಕೊಳ್ಳೋಣ ಅನ್ನಿಸಿತ್ತು. ಹೊರಡುವಾಗ ಅವರು ಹಿಂದಿನಿಂದ ಕೂಗಿದರು: "ಬೇಗ ಹೇಳಿ ಮೇಡಂ. ಇನ್ನೊಂದು ಪಾರ್ಟಿಯೂ ಕೇಳ್ತಿದೆ!"

ಗುಂಡಿ

ಆಗೆಲ್ಲ ನನಗೆ ಒಂದೇ ಕನಸು. ರಸ್ತೆಯ ಬದಿಯ ಮರದ ಕೆಳಗೆ ಒಬ್ಬರು ಜಲ್ಲಿ ಒಡೆಯುತ್ತಿರುತ್ತಾರೆ. ನನಗೆ ಬೆನ್ನು. ಕರೆಯೋಣವೆಂದರೆ ಹೆಸರು ಗೊತ್ತಿಲ್ಲ. ಸುಮ್ಮನೆ ಟಕ್ ಟಕ್ ಸದ್ದು ಕೇಳುತ್ತಾ ನಿಲ್ಲುತ್ತೇನೆ, ಅಷ್ಟರಲ್ಲಿ ಬೆಳಗಾಗುತ್ತದೆ.

ಕೇಬಲ್ಲಿಗಾಗಿ ಬೆಂಗಳೂರನ್ನೆಲ್ಲ ಅಗೆಯುತ್ತಿದ್ದ ಕಾಲ ಅದು. ಕುಕ್ ಟೌನಿನ ರಸ್ತೆಗಳಿಗೆ ಮುತ್ತಾತ ಜಲ್ಲಿ ಒಡೆದಿದ್ದರಂತೆ. ಅಲ್ಲೊಂದು ಕಡೆ ಡಾಂಬರಿನ ಕೆಳಗಿನ ಹಳೆಯ ಜಲ್ಲಿಪದರ ಕಾಣುತ್ತಿತ್ತು. ಗುಂಡಿಯೊಳಗೆ ಬಗ್ಗಿ ನೋಡುತ್ತಾ ಹಾಗೇ ಕೂತುಬಿಟ್ಟೆ. ಬಂಗಲೆಯೊಂದರಿಂದ ವಯಸ್ಸಾದ ಮೇಡಂ ಒಬ್ಬರು ಬಂದರು.

"ಟೆಲಿಫೋನ್ಸ್‌ನವರಾ ನೀವು? ನಮ್ಮ ಲೈನ್ ಡೆಡ್ ಇದೆ."

"ಅಲ್ಲ ಮೇಡಂ. ನಮ್ಮ ಮುತ್ತಾತನನ್ನ ಹುಡುಕ್ತಿದೀನಿ."

ಅವರು ಎದೆಗೆ ಕೈ ಇಟ್ಟುಕೊಂಡು ಗುಂಡಿಯೊಳಗೆ ಬಗ್ಗಿದರು. "ಮೈ ಗಾಡ್! ಯಾವಾಗ ಬಿದ್ರು?"

ನಾನು ಬಿಡಿಸಿ ಹೇಳುವಷ್ಟರಲ್ಲಿ ಅವರ ಮಾಲಿ ಹಗ್ಗ ತಂದಾಗಿತ್ತು. ಆ ಹಗ್ಗ ಹಿಡಿದೇ ಕೆಳಗಿಳಿದು ಒಂದು ಕಲ್ಲು ತೆಗೆದುಕೊಂಡೆ. ಮನೆಗೆ ಬಂದು ಅಜ್ಜಿಯ ಅಂಗೈಯಲ್ಲಿಟ್ಟೆ. ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಒಮ್ಮೆ ತಿರುಗಿಸಿ ನೋಡಿ ನನಗೇ ಕೊಟ್ಟಳು.

"ಇದು ಅವರದಲ್ಲ ತಗೋ. ಇಷ್ಟು ದಪ್ಪ ಬಿಡಾಕ ಅವರೇನು ಮೈಗಳ್ಳರೇನು?"

ಕೂಗು

ನಮ್ಮ ಮನೆ ಜೀವನ್ ಬಿಮಾ ನಗರದಲ್ಲಿತ್ತು. ಆ ವರ್ಷ ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿತ್ತು. ಕೆಲಸದವರೆಲ್ಲ ರಾಯಚೂರು, ಯಾದಗಿರಿ ಕಡೆಯವರು. ಅಜ್ಜಿ ಜಗುಲಿಯಲ್ಲಿ ಕೂತು ಅವರ ಮಾತು ಕೇಳುತ್ತಾ ತೂಕಡಿಸುತ್ತಿದ್ದಳು. ನಿದ್ದೆಯಲ್ಲೇ ಊರಿಗೆ ಹೋಗಿಬಂದಂತಾಗುತ್ತದೆ ಎನ್ನುತ್ತಿದ್ದಳು.

ಅಮಾವಾಸ್ಯೆಗೆ ಒಂದು ವಾರವಿತ್ತು. ಅಜ್ಜಿಯ ಮಡಿಲಲ್ಲಿ ಪುಂಡಿಸೊಪ್ಪು, ಕಣ್ಣು ಅರ್ಧ ಮುಚ್ಚಿತ್ತು. ಏಳುತ್ತಿದ್ದ ಗೋಡೆಗೆ ಕಟ್ಟಿದ ಸಾರುವೆಯ ಮೇಲಿಂದ ಯಾರೋ ಕೂಗಿದರು:

"ಏ ಹುಸೇನಪ್ಪಾ! ನೀರು ಬಿಡೋ!"

ಅಜ್ಜಿ ಧಡಕ್ಕನೆ ಎದ್ದು ನಿಂತಳು. ಸೊಪ್ಪು ಚೆಲ್ಲಿತು. ಸೆರಗು ತಲೆಯ ಮೇಲೆ ಬಂತು. ಕಂಬದ ಮರೆಗೆ ಸರಿದು, ತಲೆ ತಗ್ಗಿಸಿದಳು, ಮಾವ ಒಳಗೆ ಬಂದಾಗ ಸೊಸೆ ನಿಲ್ಲುವ ಹಾಗೆ.

ಉಪ್ಪಿನ ಪರೀಕ್ಷೆಯಲ್ಲಿ ಕೊನೆಗೂ ಬಣ್ಣ ಬಂದಿತ್ತು. ಆದರೂ ಒಂದೇ ಸಲದ ಪ್ರಯೋಗವನ್ನು ನಂಬಬಾರದು. ಕಾದೆ. ಅಜ್ಜಿ ಮತ್ತೆ ಕೂತ ಮೇಲೆ ಇನ್ನೊಮ್ಮೆ ಕೂಗಿದರು. ಅಜ್ಜಿ ಇನ್ನೊಮ್ಮೆ ಎದ್ದಳು.

"ದೇವರ ಹೆಸರು ಅಂದಿದ್ಯಲ್ಲ ಅಜ್ಜಿ!"

"ಮೊಹರಂಗ ನಮ್ಮೂರಾಗ ಕುಂದ್ರಸೋ ದೇವರು ದೇವರಲ್ಲೇನು? ಹರಕಿ ಹೊತ್ತು ಹಡದವರು ಮಕ್ಕಳಿಗೆ ಆ ದೇವರ ಹೆಸರೇ ಇಡ್ತಾರ," ಎಂದವಳು ಥಟ್ಟನೆ ಬಾಯಿ ಮುಚ್ಚಿಕೊಂಡಳು. "ನಾ ಮಾತ್ರ ಏನೂ ಹೇಳಿಲ್ಲ ನೋಡು."

ಎಮ್ಮೆಯ ಪುಟ ನೆನಪಾಯಿತು. ಎಮ್ಮೆ ಹೊಡೆದುಕೊಂಡು ಬಂದ ಹುಸೇನಪ್ಪ ನಮ್ಮವರೇ ಎನ್ನಲು ಪುರಾವೆಯಿಲ್ಲ. ಆ ಕೇರಿಯಲ್ಲಿ ಇನ್ನೊಬ್ಬರೂ ಇದ್ದಿರಬಹುದು. ಆದರೆ ಆ ಸಂಜೆಯಿಂದ ನನ್ನ ಕನಸಿನ ಮರದ ಕೆಳಗೆ ಅರ್ಧ ಕೊಂಬು ಮುರಿದ ಎಮ್ಮೆಯೂ ಮಲಗತೊಡಗಿತು.

ಅಮಾವಾಸ್ಯೆ ಬಂತು. ರೊಟ್ಟಿ, ಪುಂಡಿಪಲ್ಯ, ಹೋಳಿಗೆ ಬಡಿಸಿ ಎಡೆ ಇಟ್ಟೆವು. ಧೂಪದ ಹೊಗೆ ಬಾಗಿಲಲ್ಲಿ ಮೆಲ್ಲನೆ ಆಡುತ್ತಿತ್ತು. ಅಪ್ಪ ಹೊರಗೆ ನಿಂತು ತಮ್ಮ ಅಪ್ಪನನ್ನು ಕರೆದರು. ಆಮೇಲೆ ಅಭ್ಯಾಸಬಲದಿಂದ ಕೆಮ್ಮಿದರು. ಮತ್ತೆ ಉಸಿರೆಳೆದುಕೊಂಡು, ಜೀವಮಾನದಲ್ಲೇ ಮೊದಲ ಸಲ ಗಟ್ಟಿಯಾಗಿ ಕೂಗಿದರು:

"ಹುಸೇನಪ್ಪಾ! ಊಟಕ್ಕೆ ಬಾರಪ್ಪಾ!"

"ಬಂದೆರೀ!" ಎಂದು ಉತ್ತರ ಬಂತು.

ಅಪ್ಪ ಗೋಡೆ ಹಿಡಿದುಕೊಂಡರು. ಪಕ್ಕದ ಸೈಟಿನಿಂದ ಪೊದೆ ಮೀಸೆಯ ಗಾರೆ ಕೆಲಸದವನೊಬ್ಬ ತಲೆವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಾ ಬಂದ. ನಮ್ಮ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡ. "ಹಬ್ಬೇನ್ರೀ ಸಾಹೇಬ್ರ? ಕರದ್ರಿ, ಭಾಳ ಸಂತೋಷ" ಎಂದ.

ಅಪ್ಪ "ಅದು ಏನಂದ್ರೆ..." ಎನ್ನುವಷ್ಟರಲ್ಲಿ ಅಜ್ಜಿ ಎಡೆಯ ಮುಂದೆ ಮಣೆ ಹಾಕಿಯಾಗಿತ್ತು. ಅವನು ಕೂತು ಉಂಡ. ಅಜ್ಜಿ ಸೆರಗು ಹೊದ್ದು, ಗೋಡೆಗೆ ಒರಗದೆ, ಕೈಕಟ್ಟಿ ನಿಂತಳು.

"ಕೂತ್ಕೋ ಅವ್ವ, ಮಂಡಿನೋವು" ಎಂದರು ಅಪ್ಪ. ಕೂರಲಿಲ್ಲ.

"ಕೂತ್ಕೋ ಅಜ್ಜಿ," ನಾನೂ ಹೇಳಿದೆ. ಕದಲಲಿಲ್ಲ.

ಅವನು ಪುಂಡಿಪಲ್ಯ ಎರಡನೆಯ ಸಲ ಹಾಕಿಸಿಕೊಂಡು, ತಲೆಯೆತ್ತಿ, "ಪಲ್ಯ ಭಾಳ ಚಂದ ಆಗ್ಯಾದ. ನೀ ಯಾಕ ನಿಂತೀಯವ್ವಾ? ಕುಂದ್ರು," ಎಂದ.

ಅಜ್ಜಿ ತಟ್ಟನೆ ಕೂತಳು.

"ನಾವು ಅಷ್ಟು ಹೇಳಿದ್ರೂ ಕೂರ್ಲಿಲ್ಲ?" ಎಂದು ಅಪ್ಪ ಸಿಡುಕಿದರು.

ಸೆರಗಿನೊಳಗಿಂದ ಪಿಸುಮಾತು ಬಂತು: "ಸುಮ್ಮನಿರೋ. ಅವರು ಹೇಳಿದ ಮ್ಯಾಲೂ ನಿಂತಿದ್ರ ಬೈತಾರ."