ಪಂಚಾಂಗದ ಅಂಚಿನಲ್ಲಿ ಕತಾರ್

ಗೆಲ್ಲುವವರ ಪಕ್ಷ ಹಿಡಿಯುವುದಕ್ಕೆ ಮನುಷ್ಯನಿಗೆ ವಿಶೇಷ ಗುಣವೇನೂ ಬೇಕಾಗಿಲ್ಲ. ಎರಡು ಕೈ ಇದ್ದರೆ ಸಾಕು, ಚಪ್ಪಾಳೆ ತಟ್ಟಬಹುದು. ಸೋಲುವವರ ಪಕ್ಷ ಹಿಡಿಯಬೇಕಾದರೆ ದೊಡ್ಡ ಎದೆ ಬೇಕು, ಸಣ್ಣ ನೆನಪು ಬೇಕು, ಸಹನೆಯುಳ್ಳ ಹೆಂಡತಿ ಬೇಕು. ಮೊದಲನೆಯದು ನನಗಿದೆ ಎಂದು ತಿಳಿದಿದ್ದೇನೆ. ಎರಡನೆಯದು ಇಲ್ಲ, ಯಾಕೆಂದರೆ ನಾನು ಎಲ್ಲವನ್ನೂ ಬರೆದಿಡುವವನು. ಮೂರನೆಯದರ ಬಗ್ಗೆ ಏನಾದರೂ ಹೇಳಿದರೆ ಅವಳು ಓದುತ್ತಾಳೆ. ಆದ್ದರಿಂದ ಮುಂದಕ್ಕೆ ಹೋಗೋಣ.

ನಾನು ಭಾರತದ ಫುಟ್‌ಬಾಲ್ ತಂಡದ ಅಭಿಮಾನಿ. ಹೈದರಾಬಾದ್ ಸೀಮೆಯ ನಮ್ಮ ಊರು ಮಕ್ತಲದಲ್ಲಿ ಹೀಗೆಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ "ನಮ್ಮ ದೇಶಕ್ಕೂ ಫುಟ್‌ಬಾಲ್ ಟೀಮು ಐತೇನ್ರಿ?" ಎಂದು ಬಹಳ ಮರ್ಯಾದೆಯಿಂದ ಕೇಳುತ್ತಾರೆ. ಐತ್ರಿ, ಇದ್ದೇ ಐತಿ. ಒಂದು ಕಾಲದಲ್ಲಿ ಆ ತಂಡದ ಬೆನ್ನೆಲುಬೇ ನಮ್ಮ ಹೈದರಾಬಾದಿನ ಹುಡುಗರಾಗಿದ್ದರು. ನಮ್ಮಪ್ಪ ಶುಭಕೃತ್ ಸಂವತ್ಸರದ ಪಂಚಾಂಗದ ಅಂಚಿನಲ್ಲಿ ಕೆಂಪು ಶಾಯಿಯಿಂದ "ಏಷ್ಯಾದ ಆಟದಲ್ಲಿ ಬಂಗಾರ. ನಮ್ಮ ಹುಡುಗರು" ಎಂದು ಬರೆದಿಟ್ಟಿದ್ದರು. ಸಾವಿರದ ಒಂಬೈನೂರ ಅರವತ್ತೆರಡರ ಮಾತು. ಅದರ ಕೆಳಗೆ "ಕರಿ ಎಮ್ಮೆ ಈಯಿತು, ಹೆಣ್ಣುಗರು" ಎಂದೂ ಇದೆ. ಆ ವರ್ಷ ನಮ್ಮ ಮನೆಗೂ ದೇಶಕ್ಕೂ ಒಟ್ಟಿಗೆ ಒಳ್ಳೆಯದಾಗಿತ್ತು. ಅಪ್ಪನ ಅಂಗಡಿ ನನಗೆ ಬಂತು, ಪಂಚಾಂಗ ಬಂತು, ಅಂಚಿನಲ್ಲಿ ಬರೆಯುವ ಚಟ ಬಂತು. ಎಮ್ಮೆ ಮತ್ತು ಬಂಗಾರ ಮಾತ್ರ ಬರಲಿಲ್ಲ.

ಜವಳಿ ಅಂಗಡಿಗೆ ಪಂಚಾಂಗ ಯಾಕೆ ಎಂದು ದೂರದವರು ಕೇಳಬಹುದು. ನಮ್ಮ ಸೀಮೆಯಲ್ಲಿ ಲಗ್ನದ ಜವಳಿ ತೆಗೆಯಲು ದಾಮರಗಿದ್ದದಿಂದಲೋ ಇನ್ನೆಲ್ಲಿಂದಲೋ ಗಾಡಿ ಮಾಡಿಕೊಂಡು ಬರುವ ಮಂದಿ ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುವ ಮೊದಲೇ "ಈವತ್ತು ದಿನ ಹೆಂಗೈತ್ರಿ?" ಎಂದು ಕೇಳುತ್ತಾರೆ. ಮೊಳೆಗೆ ದಾರ ಕಟ್ಟಿ ತೂಗುಹಾಕಿದ ಪಂಚಾಂಗ ತೆಗೆದು ತಿಥಿ ವಾರ ಓದಿ, "ಛಲೋ ಐತಿ, ಬರ್ರಿ" ಎಂದ ಮೇಲೆಯೇ ನಾರಾಯಣಪೇಟೆ ಸೀರೆಯ ಮಡಿಕೆ ಬಿಚ್ಚಬೇಕು. ಹೀಗೆ ನಮ್ಮ ಪಂಚಾಂಗ ಅರ್ಧ ನಮ್ಮದು, ಅರ್ಧ ಊರಿನದು. ಅದರ ಅಂಚು ಮಾತ್ರ ಪೂರ್ತಿ ನನ್ನದು. ಗೆದ್ದರೆ ಕೆಂಪು ಶಾಯಿ, ಸಮವಾದರೆ ನೀಲಿ, ಸೋತರೆ ಪೆನ್ಸಿಲ್. ಪೆನ್ಸಿಲ್ ಯಾಕೆಂದರೆ ಮುಂದೆ ಯಾರಾದರೂ ವಿಚಾರಣೆ ನಡೆಸಿ ಫಲಿತಾಂಶ ತಿದ್ದಿದರೆ ಅಳಿಸಲು ಅನುಕೂಲ. ಇನ್ನೂ ಯಾರೂ ನಡೆಸಿಲ್ಲ. ಅರಬ್ ದೇಶಗಳಲ್ಲಿ ರಾತ್ರಿ ತಡವಾಗಿ ಆಡಿದ ಆಟ ಮುಗಿಯುವಾಗ ನಾನು ಗೊರಕೆಯಲ್ಲಿರುತ್ತೇನೆ. ಅಂಥ ಆಟದ ಸುದ್ದಿ ಮರುದಿನ ಬೆಳಿಗ್ಗೆ ತಿಳಿಯುವುದರಿಂದ ಮರುದಿನದ ಸಾಲಿನಲ್ಲೇ ಬರೆಯುವುದು ನನ್ನ ಪದ್ಧತಿ. ಈ ಪದ್ಧತಿಯೇ ಮುಂದೆ ನನ್ನ ಕುತ್ತಿಗೆಗೆ ಬಂತು.

ನಮ್ಮ ಅವ್ವನಿಗೆ ಆಟದ ನಿಯಮ ಒಂದೂ ಗೊತ್ತಿಲ್ಲ, ಆದರೆ ಸೋಲಿನ ಕಾರಣಗಳೆಲ್ಲ ಗೊತ್ತು. ವಿಳಂಬಿ ಸಂವತ್ಸರದ ಎಳ್ಳಮಾವಾಸ್ಯೆ ಆದ ಹೊಸತರಲ್ಲಿ ಏಷ್ಯಾ ಕಪ್‌ನಲ್ಲಿ ನಮ್ಮವರು ಥಾಯ್ಲೆಂಡಿನ ಮೇಲೆ ನಾಲ್ಕು ಗೋಲು ಹೊಡೆದು ಗೆದ್ದರು. ನಾನು ಕುರ್ಚಿಯಿಂದ ಎದ್ದದ್ದು ನೋಡಿ ಹೆಂಡತಿ ಗಂಗಮ್ಮ ಕರೆಂಟು ಹೊಡೆಯಿತೆಂದು ಓಡಿಬಂದಳು. ಅದೇ ಕಪ್‌ನಲ್ಲಿ ಭೋಗಿ ಹಬ್ಬದ ದಿನ ಬಹ್ರೇನ್ ಜತೆ ಆಟ. ಸಮ ಮಾಡಿಕೊಂಡಿದ್ದರೂ ಮುಂದಕ್ಕೆ ಹೋಗುತ್ತಿದ್ದೆವು. ತೊಂಬತ್ತು ನಿಮಿಷ ತಡೆದು ನಿಂತು, ಇನ್ನೇನು ಸೀಟಿ ಊದಬೇಕು ಎನ್ನುವಾಗ ಒಂದು ಪೆನಾಲ್ಟಿ ಕೊಟ್ಟು ಸೋತರು. ಮರುದಿನ ನಾನು ಸಂಕ್ರಾಂತಿಯ ಎಳ್ಳುಬೆಲ್ಲವನ್ನೂ ಕಹಿ ಮುಖ ಮಾಡಿಕೊಂಡು ತಿನ್ನುವುದು ಕಂಡು ಅವ್ವ ಅಂದಳು: "ಅಲ್ಲೋ ತಮ್ಮಾ, ನಿನ್ನೆ ಸೋಮವಾರ. ಹುಡುಗ್ರು ಒಪ್ಪತ್ತು ಇರ್ತಾವ. ಹೊಟ್ಟ್ಯಾಗ ಕೂಳಿಲ್ಲದ ಎಷ್ಟೊತ್ತು ಓಡ್ಯಾವು? ಕಡೀಕ ಕಾಲು ಸೋತಾವ." ಆ ತಂಡದಲ್ಲಿ ನಾನಾ ಧರ್ಮದ, ನಾನಾ ಸೀಮೆಯ ಹುಡುಗರಿದ್ದಾರೆ, ಎಲ್ಲರೂ ಸೋಮವಾರ ಒಪ್ಪತ್ತು ಮಾಡುವುದಿಲ್ಲ ಎಂದು ಹೇಳಿದೆ. "ಮಾಡೋದಿಲ್ಲೇನು? ಹಂಗಾದರ ಅದಕ್ಕ ಸೋತಾರ," ಎಂದಳು.

ಇನ್ನು ನನ್ನ ಮಗಳು ಸುಮಾಳ ಮಾತಿಗೆ ಬರುತ್ತೇನೆ. ಅವಳು ನಾರಾಯಣಪೇಟೆಯ ಒಂದು ಶಾಲೆಯಲ್ಲಿ ಟೀಚರು. ಅದೇ ಶಾಲೆಯಲ್ಲಿ ಲೆಕ್ಕ ಕಲಿಸುವ ಗದ್ವಾಲದ ಹುಡುಗನ ಮೇಲೆ ಅವಳಿಗೆ ಮನಸ್ಸಾಗಿದೆ ಎಂಬುದು ಅವಳ ತಾಯಿಗೆ ಗೊತ್ತಿತ್ತು, ಅಜ್ಜಿಗೆ ಗೊತ್ತಿತ್ತು, ಕೊನೆಗೆ ಪದ್ಧತಿಯಂತೆ ನನಗೂ ತಿಳಿಸಿದರು. ಹುಡುಗ ಒಪ್ಪಿದ್ದ, ತಂದೆತಾಯಿ ಒಪ್ಪಿದ್ದರು. ಆದರೆ ಆ ಮನೆಯಲ್ಲಿ ಕೊನೆಯ ಮಾತು ಹುಡುಗನ ಅಜ್ಜ ಗುರುಬಸಪ್ಪನವರದು. ಎಂಬತ್ತರ ಹತ್ತಿರದ ಮನುಷ್ಯ. ಪಂಚಾಂಗ ನೋಡದೆ ಕ್ಷೌರಕ್ಕೂ ಕೂಡುವವರಲ್ಲ. ಅಲಂಪುರದಿಂದ ಇನ್ನೊಂದು ಹುಡುಗಿಯ ಜಾತಕ ಅವರ ಜಗುಲಿಯ ಗೂಡಿನಲ್ಲಿ ಕಾದು ಕುಳಿತಿದೆ ಎಂಬ ಸುದ್ದಿಯೂ ಇತ್ತು. ವಿಕಾರಿ ಸಂವತ್ಸರದ ಗಣಪತಿ ಹಬ್ಬದ ಹಿಂದಿನ ದಿನ, ಎಲೆ-ಅಡಿಕೆ ಶಾಸ್ತ್ರಕ್ಕೆ ದಿನ ಹಿಡಿಯಲು ಅವರು ಮೊಮ್ಮಗನ ಜತೆ ಮಕ್ತಲಕ್ಕೆ ಬಂದರು. ಬೆಳಿಗ್ಗೆಯೇ ಸುಮಾ ನನ್ನೆದುರು ನಿಂತು ಹೇಳಿದ್ದಳು: "ಅಪ್ಪಾ, ಕೈ ಮುಗಿತೀನಿ. ಈವತ್ತೊಂದಿನ ಫುಟ್‌ಬಾಲ್ ಮಾತು ತೆಗೀಬ್ಯಾಡ್ರಿ."

ನಾನು ತೆಗೆಯಲಿಲ್ಲ, ದೇವರಾಣೆ. ಗುರುಬಸಪ್ಪನವರೇ ಚಹಾ ಕುಡಿದು ಮೀಸೆ ಒರೆಸಿಕೊಂಡು, "ನಿಮ್ಮ ಪಂಚಾಂಗ ತರಿಸ್ರಿ, ನನ್ನ ಚಷ್ಮಾ ಐತಿ," ಎಂದರು. ನಾನು ತಡವರಿಸುವಷ್ಟರಲ್ಲಿ ಗಂಗಮ್ಮ ಅಂಗಡಿಯಿಂದ ತಂದು ಅವರ ಕೈಗೇ ಕೊಟ್ಟುಬಿಟ್ಟಳು. ಅವರ ಬೆರಳು ಭಾದ್ರಪದದ ಸಾಲುಗಳ ಮೇಲೆ ಇಳಿಯುತ್ತ ಹೋಯಿತು. "ತ್ರಯೋದಶಿ, ಬುಧವಾರ. ಭಾಳ ಛಲೋ ಐತಿ. ಇದು ಬಿಟ್ಟರ ಮುಂದ ಪಿತೃಪಕ್ಷ ಬರತೈತಿ." ಅಲ್ಲಿಗೆ ಬೆರಳು ನಿಂತಿತು. ಅಂಚಿನಲ್ಲಿ ನನ್ನದೇ ಅಕ್ಷರ, ಅದೂ ಪೆನ್ಸಿಲ್ ಅಲ್ಲ, ಶಾಯಿ: "ಸೋಲು ನಿಶ್ಚಿತ. ಎದೆ ಗಟ್ಟಿ ಮಾಡಿಕೋ."

ಅವರು ಗಟ್ಟಿಯಾಗಿ ಓದಿದರು. ಬಾಗಿಲ ಹಿಂದೆ ಬಳೆ ಸದ್ದು ನಿಂತಿತು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಮಂಗಳವಾರ ನಮ್ಮ ತಂಡ ಕತಾರ್ ದೇಶದಲ್ಲಿ ಆಡುತ್ತದೆ, ನಾವು ಭೋಗಿಯ ದಿನ ಹೊರಬಿದ್ದ ಏಷ್ಯಾ ಕಪ್ ಗೆದ್ದವರೇ ಅವರು, ನಮ್ಮವರು ಸೋಲುವುದು ಖಂಡಿತ, ಮೊದಲೇ ಬರೆದಿಟ್ಟರೆ ನೋವು ಕಡಿಮೆ ಎಂದು ಬರೆದದ್ದು, ಲಗ್ನಕ್ಕೂ ಇದಕ್ಕೂ ಸಂಬಂಧವಿಲ್ಲ, ಎಂದೆ.

"ಆಟದ್ದೇ ಇರಲಿ," ಎಂದರು ಗುರುಬಸಪ್ಪನವರು. "ಹುಡುಗಿ ತಂದಿ ತನ್ನ ಕೈಲೆ ಆ ದಿನದ ಮುಂದ ಸೋಲು ಅಂತ ಬರದಾನ. ಪಂಚಾಂಗದಾಗ ಬರದದ್ದು ಬರದದ್ದೇರೀ. ಅದರ ಮ್ಯಾಲೆ ನಾ ಎಲಿ-ಅಡಿಕಿ ಹೆಂಗ ಇಡ್ಲಿ?"

ಆಗ ಅವ್ವ ಒಂದು ಕೆಲಸ ಮಾಡಿದಳು. ಒಳಗೆ ಹೋಗಿ ಟ್ರಂಕಿನಿಂದ ಹಳೆಯ ಪಂಚಾಂಗಗಳ ಕಟ್ಟನ್ನೇ ತಂದು ಅವರ ಮುಂದೆ ಇಟ್ಟು, "ನೋಡ್ರಿ ಯಜಮಾನ್ರ, ಇದು ಈ ಮನ್ಯಾಗಿನ ರೋಗ. ನಿನ್ನೆ ಮೊನ್ನೇದಲ್ಲ. ನಮ್ಮ ಯಜಮಾನ್ರ ಕಾಲದಿಂದ ಐತಿ," ಎಂದಳು. ಅವರು ಒಂದೊಂದೇ ತಿರುವಿದರು. ಪೆನ್ಸಿಲ್, ಪೆನ್ಸಿಲ್, ನೀಲಿ, ಪೆನ್ಸಿಲ್, ಅಪರೂಪಕ್ಕೊಂದು ಕೆಂಪು. "ಇಷ್ಟು ಸೋತಾರೇನ್ರಿ?" ಎಂದು ಒಮ್ಮೆ ತಲೆ ಎತ್ತಿ ಕೇಳಿದರು. ಕಟ್ಟಿನ ತಳದಲ್ಲಿ ಶುಭಕೃತ್ ಸಂವತ್ಸರ ಸಿಕ್ಕಿತು. ಅಪ್ಪನ ಕೆಂಪು ಸಾಲನ್ನು ಅವರು ಬಹಳ ಹೊತ್ತು ಓದಿದರು. ಅಷ್ಟು ಉದ್ದದ ಸಾಲೇನೂ ಅಲ್ಲ ಅದು. "ಆ ವರ್ಷ ನಾ ಹೈದರಾಬಾದ್ನಾಗ ಓದಾಕ ಇದ್ನಿ," ಎಂದರು. "ಆ ಹುಡುಗ್ರು ಊರಿಗೆ ಬಂದಾಗ ಹಾರ ಹಾಕಾಕ ಹೋಗಿದ್ವಿ. ನೂಕಾಟದಾಗ ನನ್ನ ಒಂದು ಚಪ್ಲಿ ಹೋತು."

ಆಮೇಲೆ ತೀರ್ಪು ಕೊಟ್ಟರು. ನಮ್ಮ ಸೀಮೆಯ ಹಿರಿಯರು ಮಾತ್ರ ಕೊಡಬಲ್ಲ ತೀರ್ಪು ಅದು. "ಬರದದ್ದು ಸುಳ್ಳಾತು ಅಂದರ ದಿನದ ದೋಷ ಹೋತು. ನಿಮ್ಮ ಹುಡುಗ್ರು ಅಲ್ಲಿ ಸೋಲಲಿಲ್ಲ ಅಂದರ ಬುಧವಾರ ನಾವು ಎಲಿ-ಅಡಿಕಿ ತಗೊಂಡು ಬರ್ತೀವಿ. ಸೋತರ, ದೀಪಾವಳಿ ಆದ ಮ್ಯಾಲೆ ನೋಡೋಣು." ದೀಪಾವಳಿ ಎಂದರೆ ಅಲಂಪುರ ಎಂದು ಎಲ್ಲರಿಗೂ ಅರ್ಥವಾಯಿತು.

ಅವರು ಹೋದ ಮೇಲೆ ಮನೆಯಲ್ಲಿ ನಡೆದದ್ದನ್ನು ಪೂರ್ತಿ ಬರೆಯಲಾರೆ. "ಅಪ್ಪಾ, ನನ್ನ ಲಗ್ನ ಕತಾರ್ ಮ್ಯಾಲೆ ಇಟ್ಟಿರೇನ್ರಿ?" ಎಂದು ಸುಮಾ ಕೇಳಿದಳು. ಗಂಗಮ್ಮ, "ಏನ್ರೀ, ಬ್ಯಾರೆ ಯಾರೂ ಸಿಗಲಿಲ್ಲೇನು ಆಡಾಕ? ಭೂತಾನ್ ಇರಲಿಲ್ಲ?" ಎಂದಳು. ಪಂದ್ಯಗಳ ಪಟ್ಟಿ ನಾನು ಮಾಡುವುದಿಲ್ಲ ಎಂದರೂ ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಅದೇ ವಾರ ನಮ್ಮವರು ಗುವಾಹಟಿಯಲ್ಲಿ ಓಮಾನ್ ಜತೆ ಆಡಿದರು. ಒಂದು ಗೋಲು ಮುಂದಿದ್ದವರು ಕೊನೆಯ ಹತ್ತು ನಿಮಿಷದಲ್ಲಿ ಎರಡು ಬಿಟ್ಟುಕೊಟ್ಟು ಸೋತರು. ಮಗಳು ಎರಡು ದಿನ ನನ್ನ ಜತೆ ಮಾತಾಡಲಿಲ್ಲ. ಆಮೇಲೆ ನಮ್ಮ ನಾಯಕನಿಗೇ ಜ್ವರ, ಕತಾರ್ ಜತೆ ಆಡುವುದಿಲ್ಲ ಎಂಬ ಸುದ್ದಿ ಬಂತು. ಅದನ್ನು ನಾನು ಮನೆಯಲ್ಲಿ ಹೇಳಲೇ ಇಲ್ಲ. ನನ್ನ ಜೀವನದಲ್ಲಿ ಹೆಂಡತಿಯಿಂದ ಮುಚ್ಚಿಟ್ಟ ಗುಟ್ಟು ಅದೊಂದೇ. ಇನ್ನೊಂದಿದೆ, ಅದು ಇಲ್ಲಿ ಬೇಡ. ಅವ್ವ ಮಾತ್ರ ನಿಶ್ಚಿಂತೆಯಿಂದ ಬತ್ತಿ ಹೊಸೆಯುತ್ತಿದ್ದಳು. "ಯಾಕ ಹೆದರ್ತೀರಿ? ಮಂಗಳವಾರ ಆಟ. ಒಪ್ಪತ್ತಿಲ್ಲ. ಹುಡುಗ್ರು ಹೊಟ್ಟಿ ತುಂಬ ಉಂಡು ಆಡತಾವ."

ಬುಧವಾರ ಬೆಳಿಗ್ಗೆ ಎದ್ದವನು ಮೊಬೈಲನ್ನು ದಿಂಬಿನ ಕೆಳಗೇ ಬಿಟ್ಟು ಹಲ್ಲುಜ್ಜಲು ಹೋದೆ. ಅಷ್ಟು ಹೊತ್ತು ನಾನು ಎಂದೂ ಹಲ್ಲುಜ್ಜಿದವನಲ್ಲ. ಅಡುಗೆಮನೆಯಿಂದ ಗಂಗಮ್ಮ, "ಹೂರಣಕ್ಕ ಬ್ಯಾಳಿ ಕುದಿಯಾಕ ಇಡಲೋ ಬ್ಯಾಡೋ, ಒಂದು ಹೇಳ್ರಿ!" ಎಂದು ಕೂಗುತ್ತಿದ್ದಳು. ಅಷ್ಟರಲ್ಲಿ ಮೊಬೈಲ್ ರಿಂಗಾಯಿತು. ಸುಮಾ ಅದನ್ನು ಹಾವು ಹಿಡಿದಂತೆ ಹಿಡಿದು ತಂದಳು. ಗದ್ವಾಲದ ನಂಬರು.

"ಬೀಗರ," ಎಂದಿತು ಆ ಕಡೆಯ ದನಿ.

ಬೀಗರ! ನನಗೆ ಫಲಿತಾಂಶ ಇನ್ನೂ ಗೊತ್ತಿರಲಿಲ್ಲ, ಆದರೆ ಗೊತ್ತಾಯಿತು. ಗುರುಬಸಪ್ಪನವರು ಮೊಮ್ಮಗನನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಆಟ ಮುಗಿಯುವವರೆಗೂ ನೋಡಿದ್ದರಂತೆ. "ಸೊನ್ನಿಗೆ ಸೊನ್ನಿ! ಅವ್ರು ಮಳಿ ಹೊಡದಂಗ ಹೊಡದರು, ನಮ್ಮ ಗೋಲು ಕಾಯೋ ಹುಡುಗ ಅದಾನಲ್ರಿ, ಆ ಎತ್ತರದವ, ಒಂದೂ ಒಳಗ ಬಿಡಲಿಲ್ಲ. ಅವನ ಕೈಗೆ ಬಂಗಾರದ ಕಡಗ ಹಾಕಬೇಕ್ರಿ. ಅಲ್ಲಾ, ಅವರ ಊರಾಗ, ಅವರ ಮಂದಿ ಮುಂದ! ನನಗ ಅರವತ್ತೆರಡು ನೆನಪಾತು. ಹನ್ನೊಂದು ಗಂಟೇಕ ಬರ್ತೀವಿ. ಮಂದಿ ಸ್ವಲ್ಪ ಜಾಸ್ತಿ ಅದಾರ."

ನಾನು "ಬ್ಯಾಳಿ ಇಡು!" ಎಂದು ಕೂಗಿದೆ. ಥಾಯ್ಲೆಂಡಿನ ಮೇಲೆ ನಾಲ್ಕು ಗೋಲು ಹೊಡೆದ ದಿನವೂ ಅಷ್ಟು ಜೋರಾಗಿ ಕೂಗಿರಲಿಲ್ಲ. ಗೋಲೇ ಇಲ್ಲದ ಆಟಕ್ಕೆ ಒಂದು ಮನೆಯ ಹೆಂಗಸರೆಲ್ಲ ಒಟ್ಟಿಗೆ ಕಣ್ಣೊರೆಸಿಕೊಂಡದ್ದು ಮಕ್ತಲದ ಚರಿತ್ರೆಯಲ್ಲಿ ಅದೇ ಮೊದಲು. ಶಾಸ್ತ್ರಕ್ಕೆ ಮುಂಚೆ ಗುರುಬಸಪ್ಪನವರು ಪಂಚಾಂಗ ಕೇಳಿ ತರಿಸಿಕೊಂಡು, ಬೆರಳನ್ನು ಅರಿಶಿನದಲ್ಲಿ ಅದ್ದಿ, ನನ್ನ "ಸೋಲು ನಿಶ್ಚಿತ"ದ ಮೇಲೆ ಒಂದು ದಪ್ಪ ಗೆರೆ ಎಳೆದರು. ಆ ಗೆರೆಯ ಕೆಳಗೆ ನಾನು ನೀಲಿ ಶಾಯಿಯಲ್ಲಿ ಎರಡು ಸೊನ್ನೆ ಬರೆದೆ. ಎಷ್ಟೋ ಕೆಂಪು ಸಾಲುಗಳಿಗಿಂತ ಆ ನೀಲಿ ಸೊನ್ನೆಗಳೇ ನನಗೆ ಹೆಚ್ಚು. ಆ ಹುಡುಗರು ನನ್ನ ಹೆಸರು ಕೇಳಿದವರಲ್ಲ, ಮಕ್ತಲ ಎಲ್ಲಿದೆ ಎಂದು ತಿಳಿದವರಲ್ಲ. ನಾಯಕನಿಲ್ಲದೆ, ಯಾರ ನಂಬಿಕೆಯೂ ಇಲ್ಲದೆ, ನನ್ನ ನಂಬಿಕೆಯೂ ಇಲ್ಲದೆ ನಿಂತು, ಮೊದಲೇ ಸೋಲು ಬರೆದಿಟ್ಟ ಅಭಿಮಾನಿಯ ಮಗಳ ಮದುವೆ ಮಾಡಿಸಿದರು.

ಆಮೇಲಿನದು ನನ್ನ ಪ್ರಾಯಶ್ಚಿತ್ತದ ಕಥೆ. ಬೀಗರಿಗೆ ಒಂದು ವಿಷಯ ಮನದಟ್ಟಾಗಿಹೋಯಿತು: ನಾನು ಶಾಯಿಯಲ್ಲಿ ಸೋಲು ಎಂದು ಬರೆದರೆ ತಂಡ ಉಳಿಯುತ್ತದೆ. ಪ್ರತಿ ಆಟಕ್ಕೂ ಮುಂಚೆ ಗದ್ವಾಲದಿಂದ ಫೋನು, "ಬೀಗರ, ಬರದಿರೇನು?" ನನ್ನ ತಂಡದ ಸೋಲನ್ನು ನಾನೇ ಬರೆಯುತ್ತೇನೆ. ಶೋಭಕೃತ್ ಸಂವತ್ಸರದಲ್ಲಿ ಬೆಂಗಳೂರಿನಲ್ಲಿ ಕುವೈತ್ ಮೇಲೆ ಪೆನಾಲ್ಟಿಯಲ್ಲಿ ಗೆದ್ದು ಕಪ್ ಎತ್ತಿದಾಗ ಆ ಕೀರ್ತಿಯ ಅರ್ಧ ಪಾಲು ನನ್ನ ಪೆನ್ನಿಗೆ ಬಂತು. ಆದರೆ ಕ್ರೋಧಿ ಸಂವತ್ಸರ ಹೆಸರಿಗೆ ತಕ್ಕಂತೆ ನಡೆದುಕೊಂಡಿತು. ಯುಗಾದಿ ಹತ್ತಿರ ಬರುವಾಗ ಮಾಲ್ದೀವ್ಸ್ ಮೇಲೆ ಒಂದು ಗೆಲುವು ಬಿಟ್ಟರೆ ಅಂಚಿನಲ್ಲಿ ಕೆಂಪೇ ಇಲ್ಲ. ನಾನು ಬರೆದ ಸೋಲು ಒಂದೆರಡು ಸಲ ನಿಜವಾದದ್ದು ನೋಡಿದ ಗಿರಾಕಿಗಳಲ್ಲಿ ನನ್ನ ಜ್ಯೋತಿಷ್ಯಕ್ಕೆ ಹೆಸರು ಬಂತು. ಒಬ್ಬರು ಮಗನ ನೌಕರಿಯ ಬಗ್ಗೆ ಕೇಳಿ ಹೋದರು.

ಕಳೆದ ಆಷಾಢದಲ್ಲಿ ಒಂದು ಸಂಜೆ ಗದ್ವಾಲದಿಂದ ಸುಮಾಳ ಫೋನು ಬಂತು. ಹಿಂದೆ ಗುರುಬಸಪ್ಪನವರ ಚಪ್ಪಾಳೆ ಕೇಳುತ್ತಿತ್ತು. ನಮ್ಮ ಹೆಣ್ಣುಮಕ್ಕಳ ತಂಡ ಥಾಯ್ಲೆಂಡಿಗೆ ಹೋಗಿ, ಮಂಗೋಲಿಯಾಕ್ಕೆ ಹದಿಮೂರು ಗೋಲು ಹೊಡೆದು, ಕೊನೆಗೆ ಥಾಯ್ಲೆಂಡನ್ನೂ ಅವರ ನೆಲದಲ್ಲೇ ಸೋಲಿಸಿ ಏಷ್ಯಾ ಕಪ್‌ಗೆ ಹೋಗುತ್ತಿದೆಯಂತೆ. ಹದಿಮೂರು! ನನ್ನ ಕೆಂಪು ಪೆನ್ನಿಗೆ ಅಷ್ಟು ದೊಡ್ಡ ಅಂಕಿ ಬರೆದು ರೂಢಿಯೇ ಇರಲಿಲ್ಲ. ಎದೆಯುಬ್ಬಿ ಪಂಚಾಂಗ ತೆಗೆದೆ. ಆಗ ನಾಚಿಕೆಯಾಯಿತು. ಇಷ್ಟು ವರ್ಷದ ಅಂಚುಗಳಲ್ಲಿ ಹೆಣ್ಣುಮಕ್ಕಳ ಒಂದು ಆಟವನ್ನೂ ನಾನು ಬರೆದಿರಲಿಲ್ಲ. ಹೆಣ್ಣುಗರು ಹುಟ್ಟಿದ್ದನ್ನಾದರೂ ನಮ್ಮಪ್ಪ ಬರೆದಿದ್ದರು.

"ನಾ ಇವರ ಬಗ್ಗೆ ಏನೂ ಬರದಿರಲಿಲ್ಲವಲ್ಲವ್ವಾ," ಎಂದೆ.

"ಅದಕ್ಕ ಗೆದ್ದಾರಪ್ಪಾ," ಎಂದಳು ಮಗಳು. ಹಿಂದಿನಿಂದ ಬೀಗರು, "ಖರೇ! ಖರೇ!" ಎನ್ನುವುದು ಕೇಳಿಸಿತು.

ಅಂದಿನಿಂದ ಪೆನ್ನು ಗಂಗಮ್ಮನ ವಶದಲ್ಲಿದೆ. ಮೊಳೆಗೆ ತೂಗುವ ಪಂಚಾಂಗದ ಅಂಚು ಬೆಳ್ಳಗಿದೆ. ಗಿರಾಕಿಗಳು ಬಂದು "ಈವತ್ತು ದಿನ ಹೆಂಗೈತ್ರಿ?" ಎಂದರೆ ಅಚ್ಚಾದದ್ದನ್ನಷ್ಟೇ ಓದಿ ಸೀರೆ ಬಿಚ್ಚುತ್ತೇನೆ. ದೇಶಕ್ಕಾಗಿ ಯಾರು ಯಾರೋ ಏನೇನೋ ಮಾಡುತ್ತಾರೆ. ನನ್ನಿಂದ ದೇಶಕ್ಕೆ ಬೇಕಾಗಿರುವುದು ನಾನು ಸುಮ್ಮನಿರುವುದೊಂದೇ ಎಂದು ಮನೆಮಂದಿಯೆಲ್ಲ ಸೇರಿ ತೀರ್ಮಾನಿಸಿದ್ದಾರೆ. ಇದನ್ನು ಬರೆಯಲು ಕೂಡ ಗಂಗಮ್ಮ ಕೊಟ್ಟದ್ದು ಪೆನ್ಸಿಲ್.